ಕಾಣಿಯೂರಿನ ಗದ್ದೆಯಲ್ಲಿ ಆರಿದ ಒಲೆ

ಕಬಕದಿಂದ ಬೆಳಗಿನ ಬಸ್ಸಿಗೆ ಹೊರಟೆ. ಮೊಣಕಾಲು ನೋವಿನ ಮುದುಕಿ ಈ ಮೇ ತಿಂಗಳ ಸೆಕೆಯಲ್ಲಿ ಕಾಣಿಯೂರಿಗೆ ಹೋಗಬೇಕಾಗಿ ಬಂದದ್ದು ಮದುವೆಗೂ ಅಲ್ಲ, ತೊಟ್ಟಿಲು ಶಾಸ್ತ್ರಕ್ಕೂ ಅಲ್ಲ. ನನ್ನ ತಮ್ಮ ಈಶ್ವರ ಗದ್ದೆಯಲ್ಲಿ ಉರಿಯುತ್ತಿದ್ದ ಒಲೆಗೆ ನೀರು ಹೊಯ್ದಿದ್ದ, ಅದಕ್ಕೆ. ಹಿಂದಿನ ಸಂಜೆ ಮೊಮ್ಮಗಳು ಶ್ರುತಿ ಫೋನು ಮಾಡಿ, "ಅಜ್ಜಿ, ಎಂತ ಕೇಳಿದ್ರೂ ಈಶ್ವರಜ್ಜ ಬಾಯಿ ಬಿಡುದಿಲ್ಲ. ಬೇಡ ಅಂತ ಒಂದೇ ಮಾತು. ನೀವೇ ಬನ್ನಿ" ಎಂದಿದ್ದಳು.

ಗುಂಡ್ಯದ ಹತ್ತಿರ ರಸ್ತೆ ಅಗಲ ಮಾಡುವಾಗ ಈಶ್ವರನ ಮನೆ ಹೋಯಿತು. ಈಗ ಸಂಸಾರ ಸಮೇತ ಕಾಣಿಯೂರಿನ ಒಂದು ಬಾಡಿಗೆ ಕೋಣೆಯಲ್ಲಿದ್ದಾನೆ. ಸೊಸೆ ತುಂಬು ಬಸುರಿ. ಮನೆ ಕಟ್ಟಲು ಉಳಿದದ್ದು ಬೈಲಿನ ಗದ್ದೆ ಒಂದೇ. ಅದೋ, ಕಾಲಿಟ್ಟರೆ ಮೊಣಕಾಲವರೆಗೆ ನುಂಗುವ ಜೇಡಿಮಣ್ಣು. ಶ್ರುತಿ ಮಣ್ಣಿನ ವಿಷಯ ಓದಿದ ಇಂಜಿನಿಯರು. ನೆಲಕ್ಕೆ ಬಿಸಿ ಕೊಟ್ಟು, ಒಳಗಿನ ನೀರು ತೆಗೆದು, ಗಟ್ಟಿ ಮಾಡಿಕೊಡುತ್ತೇನೆ ಎಂದು ಹೊರಟಿದ್ದಳು. ಮಳೆ ಹಿಡಿಯುವ ಮೊದಲು ಅದು ಮುಗಿದು ಅಡಿಪಾಯ ಬೀಳಬೇಕು. ಇಲ್ಲವಾದರೆ ಬಾಣಂತನವೂ ಆ ಕೋಣೆಯಲ್ಲೇ.

ಪುತ್ತೂರಿನಲ್ಲಿ ಬಸ್ಸು ಬದಲಾಯಿಸಿದೆ. ಬರಬೇಕಾದ ಬಸ್ಸು ಬರಲಿಲ್ಲ. ಅದರ ನಂತರದ್ದು ಬಂತು, ಎರಡು ಬಸ್ಸಿನ ಜನ ತುಂಬಿಕೊಂಡು. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಗೆ ದುಡ್ಡಿಲ್ಲ, ಕಾರ್ಡು ತೋರಿಸಿದರೆ ಆಯಿತು. ಆದರೆ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಚೀಲ ಇರುವಾಗ ತೋರಿಸುವುದು ಹೇಗೆ?

"ಆಧಾರ್ ತೋರ್ಸಿ ಅಜ್ಜಿ," ಎಂದ ಕಂಡಕ್ಟರ್.

"ತೋರಿಸುವಾ. ಮೊದಲು ನೀನು ಒಂದು ಸೀಟು ತೋರಿಸು ಮಾರಾಯ."

ಅವನು ನಕ್ಕ. ಸೀಟು ಸಿಕ್ಕಿದ್ದು ಸವಣೂರು ದಾಟಿದ ಮೇಲೆ.

ಕಾಣಿಯೂರಿನಲ್ಲಿ ಇಳಿದು, ತಣ್ಣಗಾದ ಗೋಳಿಬಜೆ ತಿಂದು, ಗದ್ದೆಗೆ ನಡೆದೆ. ಗದ್ದೆ ರಸ್ತೆಯ ಬದಿಗೇ ಇದೆ. ಮಣ್ಣು ಅದುಮಲಿಕ್ಕೆಂದು ಮೇಲೆ ಮರಳು ಪೇರಿಸಿದ್ದರು. ಮರಳಿನ ನಡುವೆ ಅಲ್ಲಲ್ಲಿ ದೀಪದ ಬತ್ತಿಯ ಹಾಗೆ ಪ್ಲಾಸ್ಟಿಕ್ ಪಟ್ಟಿಗಳ ತುದಿ ಕಾಣುತ್ತಿತ್ತು. ನೀರು ಮೇಲೆ ಬರುವುದು ಅವುಗಳ ಮೂಲಕವಂತೆ. ಪಟ್ಟಿಗಳ ನಡುನಡುವೆ ಕಬ್ಬಿಣದ ಪೈಪು ಆಳಕ್ಕೆ ಇಳಿಸಿ, ಅದರೊಳಗೆ ಬಿಸಿನೀರು ಸುತ್ತಿಸುತ್ತಾರೆ. ಆ ನೀರು ಕಾಯಿಸುವ ಒಲೆಗೆ ಅಡಿಕೆ ಸಿಪ್ಪೆಯ ಉರಿ. ಒಲೆ ಸತ್ತು ಬಿದ್ದಿತ್ತು.

"ತಣ್ಣಗಿದ್ರೆ ಜೇಡಿಮಣ್ಣು ನೀರನ್ನು ಬೇಗ ಬಿಡುದಿಲ್ಲ ಅಜ್ಜಿ. ಬಿಸಿಯಾದ್ರೆ ನೀರು ತೆಳುವಾಗಿ ಸಲೀಸು ಹರಿತದೆ," ಎಂದಳು ಒಲೆಯ ಹತ್ತಿರ ನನಗಾಗಿ ಕಾದಿದ್ದ ಶ್ರುತಿ.

ಗಂಜಿ ಆರಿದ ಮೇಲೆ ಬಸಿಯಲು ಹೋದವರಿಗೆ ಇದು ಗೊತ್ತಿರುವ ಸಂಗತಿ. ನೆಲಕ್ಕೂ ಹಾಗೆಯೇ ಎಂದು ನನಗೆ ತಿಳಿದಿರಲಿಲ್ಲ. ಗುರುತಿಗೆ ನೆಟ್ಟ ಕೋಲು ತೋರಿಸಿದಳು. ಗದ್ದೆ ಆಗಲೇ ಒಂದು ಗೇಣು ತಗ್ಗಿತ್ತು.

ಈಶ್ವರ ಗದ್ದೆಯ ಮೂಲೆಯ ನಾಗಬನದ ಎದುರು ನಮಗೆ ಬೆನ್ನು ಹಾಕಿ ಕೂತಿದ್ದ.

"ಎಂತ ಈಶ್ವರ, ಒಲೆ ಯಾಕೆ ನಂದಿಸಿದ್ದು?"

"ಬೇಡ ಅಕ್ಕ."

"ಬೇಡ ಅಂತ ಕೇಳ್ಲಿಕ್ಕೆ ನಾನು ಎರಡು ಬಸ್ಸು ಹಿಡಿದು ಬಂದದ್ದಾ? ನೆಲ ತಗ್ಗಿತು ಅಂತ ಹೆದರಿಕೆಯಾ?"

"ತಗ್ಗಲಿ. ತಗ್ಗದೆ ಗಟ್ಟಿಯಾಗುದಿಲ್ಲ ಅಂತ ಅವಳು ಹೇಳಿದ್ದಾಳೆ. ಅಷ್ಟು ಬುದ್ಧಿ ನನಗೆ ಉಂಟು."

"ಮತ್ತೆಂತ ನಿನ್ನ ಗೋಳು?"

ಅವನು ಗದ್ದ ಎತ್ತಿ ತೋರಿಸಿದ. ಗದ್ದೆಯಿಂದ ಬಂದ ನೀರು ಹೋಗಲು ತೋಡಿದ ಕಣಿ ನಾಗನ ಕಲ್ಲಿನ ಬುಡವನ್ನೇ ಸವರಿಕೊಂಡು ಹೋಗಿತ್ತು. ಬಗ್ಗಿ ಬೆರಳು ಅದ್ದಿದೆ. ಒಲೆ ಆರಿದ್ದರೂ ನೀರು ಇನ್ನೂ ಉಗುರುಬೆಚ್ಚಗಿತ್ತು.

ನಾಗನಿಗೆ ನಾವು ಕೊಡುವುದು ಹಾಲು, ಎಳನೀರು. ಎಲ್ಲ ತಂಪಿನದ್ದೇ.

"ಮನೆಯಲ್ಲಿ ಬಸುರಿ ಹೆಂಗಸು ಉಂಟು ಅಕ್ಕ. ನಾಗನಿಗೆ ಬಿಸಿ ಮುಟ್ಟಿಸಿ ನಾನು ಮನೆ ಕಟ್ಟುದಾ?"

"ಇದನ್ನು ಆ ಹುಡುಗಿಗೆ ಹೇಳ್ಲಿಕ್ಕೆ ಎಂತ ಧಾಡಿ ನಿನಗೆ?"

"ಅವಳು ನಗ್ತಾಳೆ."

ನನ್ನ ಹಿಂದೆಯೇ ನಿಂತು ಕೇಳಿಸಿಕೊಂಡ ಶ್ರುತಿ ನಗಲಿಲ್ಲ. "ನೀರು ಯಾವ ಕಡೆ ಹೋದ್ರೂ ನನಗೆ ಒಂದೇ ಅಜ್ಜ, ಇಳಿಜಾರು ಇದ್ರೆ ಸಾಕು," ಎಂದು ಹಾರೆ ತಂದಳು. ನನಗೆ ಇಬ್ಬರ ಮೇಲೂ ಸಿಟ್ಟು ನೆತ್ತಿಗೇರಿತು. ಕಲ್ಲಿನ ಬುಡದಲ್ಲಿ ಕಣಿ ತೋಡುವಾಗ ಇವಳು ಒಂದು ಮಾತು ಕೇಳಲಿಲ್ಲ, ಅವನು ಒಂದು ಮಾತು ಹೇಳಲಿಲ್ಲ. ಫೋನಿನಲ್ಲಿ ಮುಗಿಯುವ ಸಂಗತಿಗೆ ನನ್ನ ಸೊಂಟ ಮುರಿಯಿತು. ಇಬ್ಬರಿಗೂ ಬೈದೆ. ಬೈಯಿಸಿಕೊಳ್ಳುತ್ತಲೇ ತೋಡಿ, ಸಂಜೆಯೊಳಗೆ ಕಣಿಯನ್ನು ಗದ್ದೆಯಾಚೆ ಹರಿಯುವ ತೋಡಿನ ಕಡೆಗೆ ತಿರುಗಿಸಿದರು. ಈಶ್ವರ ಕಲ್ಲಿಗೆ ಎಳನೀರು ಎರೆದು, ಮತ್ತೆ ತಾನೇ ಸಿಪ್ಪೆ ತುಂಬಿ ಒಲೆಗೆ ಬೆಂಕಿ ಕೊಟ್ಟ.

ಆ ರಾತ್ರಿ ಕೋಣೆಯಲ್ಲಿ ಎಲ್ಲರೂ ಚಾಪೆ ಹಾಸಿದಾಗ ಬಾಗಿಲು ತೆರೆಯಲು ಜಾಗ ಉಳಿಯಲಿಲ್ಲ. ಸೊಸೆ ಮಗ್ಗುಲು ಬದಲಿಸಬೇಕಾದರೆ ನಾವೆಲ್ಲ ಬದಲಿಸಬೇಕು.

ಬೆಳಿಗ್ಗೆ ಈಶ್ವರ ನನ್ನನ್ನು ಬಸ್ಸಿಗೆ ಬಿಡಲು ಬಂದ. ಗದ್ದೆಯ ಹತ್ತಿರ ನಿಂತು, "ಅಕ್ಕ, ಕೋಲು ನೋಡು. ಮತ್ತೂ ತಗ್ಗಿದ ಹಾಗೆ ಉಂಟಲ್ಲ?" ಎಂದ.

"ಒಂದು ರಾತ್ರಿಗೆ ಎಂತ ತಗ್ಗುದು? ನೀನು ಒಲೆ ನೋಡು."

ಅಷ್ಟು ಹೇಳಿದ್ದೇ ತಪ್ಪಾಯಿತು. ನನ್ನ ಚೀಲವನ್ನು ರಸ್ತೆ ಬದಿಯಲ್ಲಿಟ್ಟು, ಬಸ್ಸು ಬರುವ ಮೊದಲೇ ಓಡಿದ. ಚೀಲ ನಾನೇ ಎತ್ತಿ ಹತ್ತಿದೆ. ಸೀಟು ಈ ಸಲವೂ ಇಲ್ಲ. ಬಗ್ಗಿ ಕಿಟಕಿಯಿಂದ ನೋಡಿದರೆ ಈಶ್ವರ ಸಿಪ್ಪೆಯ ಬುಟ್ಟಿ ಹೊತ್ತು ಹೋಗುತ್ತಿದ್ದ. ನಾಗಬನದ ಎದುರು ಬುಟ್ಟಿ ಇಳಿಸಿದ. ಕಲ್ಲಿನ ಬುಡದ ಮಣ್ಣಿಗೆ ಅಂಗೈ ಒತ್ತಿ, ಜ್ವರ ನೋಡುವವನಂತೆ ಸ್ವಲ್ಪ ಹೊತ್ತು ಕೂತ. ಆಮೇಲೆ ಬುಟ್ಟಿ ಎತ್ತಿಕೊಂಡು ಒಲೆಯ ಕಡೆಗೆ ನಡೆದ.