ಅವ್ವ ಬಂಕರಿನಲ್ಲಿ ಉಂಡ ಸಂಜೆ

ಇಂಥ ಸಂಗತಿಗಳನ್ನು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ನಮ್ಮ ಕಾಗವಾಡದ ಕಡೆ ಮನೆಗೊಬ್ಬರಾದರೂ ಏನನ್ನೋ ಕಂಡವರಿರುತ್ತಾರೆ. ಒಬ್ಬರಿಗೆ ಹೊಳೆದಂಡೆಯಲ್ಲಿ ಬಿಳಿ ಸೀರೆ, ಇನ್ನೊಬ್ಬರಿಗೆ ಬಾವಿಕಟ್ಟೆಯ ಮೇಲೆ ಸತ್ತ ಅಜ್ಜ. ಕೇಳಿ ಕೇಳಿ ಬೇಸತ್ತವಳು ನಾನು. ಧಾರವಾಡದಲ್ಲಿ ಇತಿಹಾಸ ಓದುವಾಗ ಒಂದು ಅಭ್ಯಾಸವಾಗಿತ್ತು. ಯಾವಾಗ ಕಂಡಿರಿ, ಜೊತೆಗೆ ಯಾರಿದ್ದರು, ಅವರೂ ಕಂಡರೇ ಎಂದು ಕೇಳುತ್ತಿದ್ದೆ. ಇಷ್ಟು ಕೇಳಿದರೆ ಬಹಳಷ್ಟು ದೆವ್ವಗಳು ತಾವಾಗಿಯೇ ಎದ್ದು ಹೋಗುತ್ತವೆ.

ಈಗ ನಾನೇ ಒಂದನ್ನು ಬರೆಯಲು ಕೂತಿದ್ದೇನೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ಇದರಲ್ಲಿ ದೆವ್ವವೂ ಇಲ್ಲ. ಎರಡು ಚಪಾತಿ, ಒಂದು ಬೆಲ್ಲದ ಚೂರು, ಒಂದಿಷ್ಟು ಬೆಳಕು, ಇಷ್ಟೇ ಇರುವುದು. ಚಪಾತಿ ಬೆಲ್ಲದ ಬಗ್ಗೆ ನನಗೆ ಸಂಶಯವಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ನಿಪ್ಪಾಣಿಯಲ್ಲಿ ಅಪ್ಪಾಸಾಬ ಎಂಬಾತನಿದ್ದ. ಪ್ರತಿವರ್ಷ ನಮ್ಮ ಸುತ್ತಲಿನ ಜೈನ ಮಂದಿಯನ್ನು ಬಸ್ಸಿನಲ್ಲಿ ತುಂಬಿಕೊಂಡು ಶಿಖರ್ಜಿ ಯಾತ್ರೆ ಮಾಡಿಸುತ್ತಿದ್ದ. ಅಡಿಗೆಯವರು, ಸೋಸಿದ ನೀರು, ಹೊತ್ತು ಮುಳುಗುವ ಮೊದಲೇ ಊಟ, ಎಲ್ಲ ಅಚ್ಚುಕಟ್ಟು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆ ವರ್ಷ ಅವನಿಗೆ ಸಮುದ್ರದ ಹುಚ್ಚು ಹಿಡಿಯಿತು. ಬೇರೆ ಊರುಗಳ ಯಾತ್ರೆಯವರ ಜೊತೆ ಸೇರಿ ಮದ್ರಾಸಿನಿಂದ ಅಂಡಮಾನಿಗೆ ಹೋಗಿಬರುವ ಹಡಗಿನ ಟೂರು ಗೊತ್ತುಮಾಡಿದ. ಪೋರ್ಟ್ ಬ್ಲೇರಿನಲ್ಲಿ ಹಡಗು ನಿಂತಾಗ ಒಂದು ದಿನ ಗೈಡಿನ ಜೊತೆ ಮಹಾಯುದ್ಧದ ಕಾಲದ ಜಾಗಗಳನ್ನು ನೋಡುವುದು, ಮಲಗಲು ಮತ್ತೆ ಹಡಗಿಗೆ ಬರುವುದು ಎಂದು ಗೊತ್ತಾಗಿತ್ತು. ಯುದ್ಧದ ಜಾಗ ಎಂಬ ಮಾತಿಗೆ ನಾನು ಮರುಳಾದೆ. ಅವ್ವ ಬಂದದ್ದು ನನ್ನನ್ನು ಒಬ್ಬಳನ್ನೇ ಕಳಿಸಲು ಮನಸ್ಸಿಲ್ಲದೆ. "ಕೃಷ್ಣಾ ಹೊಳಿ ಪೂರಾ ತುಂಬಿದ್ದ ನೋಡೀನಿ. ಸಮುದ್ರ ಅಂದ್ರ ಅದಕ್ಕಿಂತ ಇನ್ನೇನ ಇರ್ತೈತಿ?" ಎಂದಿದ್ದಳು. ಶಿರಗುಪ್ಪಿಯಿಂದ ಅವಳ ಚಿಕ್ಕಪ್ಪನ ಮಗ ಭರಮು ಮಾಮಾನೂ ಬಂದಿದ್ದ. ಕಬ್ಬಿನ ಹಂಗಾಮು ಬಿಟ್ಟು ಬಂದದ್ದಕ್ಕೆ ದಾರಿಯುದ್ದಕ್ಕೂ ಎಲ್ಲರನ್ನೂ ಬೈಯುತ್ತಿದ್ದ.

ಅವ್ವನ ಬಗ್ಗೆ ಎರಡು ಮಾತು ಹೇಳಬೇಕು. ಹರೆಯದಲ್ಲೇ ಮುನಿ ಮಹಾರಾಜರ ಮುಂದೆ ಅವಳು ರಾತ್ರಿ ಉಣ್ಣುವುದಿಲ್ಲವೆಂದು ನೇಮ ತೆಗೆದುಕೊಂಡಿದ್ದಳು. ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಇಲ್ಲ, ಒಂದು ಗುಟುಕು ನೀರೂ ಇಲ್ಲ. ಬಾಣಂತನ, ಜ್ವರ, ಅಪ್ಪ ಸತ್ತ ದಿನ, ಯಾವುದಕ್ಕೂ ಅದು ಮುರಿದಿರಲಿಲ್ಲ. ಎರಡನೆಯದು, ಆ ಹೊತ್ತಿಗೆ ಅವಳಿಗೆ ಸಕ್ಕರೆ ಕಾಯಿಲೆ ಬಂದು ಕೆಲವು ವರ್ಷವಾಗಿತ್ತು. ಊಟಕ್ಕೆ ಅರ್ಧ ತಾಸು ಮುಂಚೆ ಗುಳಿಗೆ. ಗುಳಿಗೆ ತೆಗೆದುಕೊಂಡು ಉಣ್ಣದಿದ್ದರೆ ಏನಾಗುತ್ತದೆಂದು ಮಿರಜಿನ ಡಾಕ್ಟರು ನನ್ನನ್ನು ಬೇರೆ ಕರೆದು ಹೇಳಿದ್ದರು.

ನಮ್ಮ ಕಡೆ ಚಳಿಗಾಲದಲ್ಲೂ ಸಂಜೆ ಆರರವರೆಗೆ ಹೊತ್ತಿರುತ್ತದೆ. ಅಪ್ಪಾಸಾಬ ಐದೂವರೆಗೆ ಊಟ ಎಂದು ಗೊತ್ತುಮಾಡಿದ್ದ. ವರ್ಷಗಟ್ಟಲೆ ಯಾತ್ರೆ ಮಾಡಿಸಿದವನು, ಅವನಿಗೆ ಅದು ಬಾಯಿಪಾಠ. ಆದರೆ ಸಮುದ್ರದಲ್ಲಿ ಅಷ್ಟು ದೂರ ಮೂಡಲಿಗೆ ಹೋದರೆ ಗಡಿಯಾರ ನಮ್ಮದೇ ಇದ್ದರೂ ಸೂರ್ಯ ನಮ್ಮದಲ್ಲ, ಅಲ್ಲಿ ಐದಕ್ಕೇ ಹೊತ್ತು ಮುಳುಗಿಬಿಡುತ್ತದೆ. ಇದು ಅವನಿಗೆ ಹೊಳೆಯಲಿಲ್ಲ. ಎಂ.ಎ. ಮಾಡಿದ ನನಗೂ ಹೊಳೆಯಲಿಲ್ಲ. ಹಡಗಿನಲ್ಲಿ ತಿಳಿಯಬೇಕಿತ್ತು ಎನ್ನುತ್ತೀರಿ. ಹಡಗಿನಲ್ಲಿ ನಮ್ಮ ಮಂದಿಯೆಲ್ಲ ವಾಂತಿ ಮಾಡುತ್ತ ಕಿಟಕಿಯಿಲ್ಲದ ಕೆಳಗಿನ ಕೋಣೆಯಲ್ಲಿ ಬಿದ್ದಿದ್ದೆವು. ಅವ್ವ ಮಧ್ಯಾಹ್ನ ಒಮ್ಮೆ ಉಂಡು ಮಲಗಿಬಿಡುತ್ತಿದ್ದಳು. ಸೂರ್ಯನ ಯೋಚನೆ ಯಾರಿಗಿತ್ತು?

ಗೈಡ್ ಎಂಬ ಆ ಮನುಷ್ಯನನ್ನು ನೆನೆದರೆ ಇವತ್ತಿಗೂ ತಲೆ ಬಿಸಿಯಾಗುತ್ತದೆ. ಬೆಳಗಿನಿಂದ ಅವನು ನಮ್ಮನ್ನು ಮುರಿದ ಗೋಡೆಗಳ ಮುಂದೆ, ತುಕ್ಕು ಹಿಡಿದ ಕಬ್ಬಿಣದ ಮುಂದೆ ನಿಲ್ಲಿಸಿ "ಅಬ್ ಆಪ್ ಕಲ್ಪನಾ ಕೀಜಿಯೇ" ಎನ್ನುತ್ತಿದ್ದ. ಇಲ್ಲಿ ತೋಪು ಇತ್ತು, ಕಲ್ಪನೆ ಮಾಡಿಕೊಳ್ಳಿ. ಇಲ್ಲಿ ಬಾಂಬು ಬಿತ್ತು, ಕಲ್ಪನೆ ಮಾಡಿಕೊಳ್ಳಿ. ಕೊನೆಗೆ ಭರಮು ಮಾಮಾನಿಗೆ ತಡೆಯಲಾಗಲಿಲ್ಲ. "ಕಲ್ಪನಾ ಮಾಡ್ಕೊಳ್ಳಾಕ ಇಷ್ಟ ದೂರ ಯಾಕ ಬರಬೇಕಿತ್ತಪಾ? ಶಿರಗುಪ್ಪ್ಯಾಗ ಕಟ್ಟಿಮ್ಯಾಲ ಕುಂತ ಮಾಡ್ಕೊಂತಿದ್ವಿ" ಎಂದ. ಗೈಡಿಗೆ ಕನ್ನಡ ತಿಳಿಯದು. ಹೊಗಳಿದರೆಂದುಕೊಂಡು ಕೈ ಮುಗಿದ.

ಸಂಜೆಯ ಕೊನೆಯ ಜಾಗ ಸಮುದ್ರದಂಡೆಯ ರಸ್ತೆ. ಒಂದು ಕಡೆ ನೀರು, ಇನ್ನೊಂದು ಕಡೆ ಗುಡ್ಡ. ಗುಡ್ಡದ ಬುಡದಲ್ಲಿ ಅಷ್ಟಷ್ಟು ದೂರಕ್ಕೆ ಜಪಾನಿ ಸೈನಿಕರು ಕಟ್ಟಿದ ಕಾಂಕ್ರೀಟಿನ ಬಂಕರುಗಳು. ಬಗ್ಗಿ ಹೋಗುವಂಥ ಬಾಗಿಲು, ದಪ್ಪ ಗೋಡೆ, ಸಮುದ್ರದ ಕಡೆಗೆ ಬಂದೂಕು ಚಾಚಲು ಒಂದು ಅಡ್ಡ ಸೀಳು. "ನಮ್ಮ ಹೊಲದಾಗಿನ ಮೋಟರ್ ಮನಿ ಇದಕ್ಕಿಂತ ಚಲೋ ಐತಿ. ಅದರಾಗ ಮೋಟರಾದ್ರೂ ಐತಿ" ಎಂದ ಭರಮು ಮಾಮಾ. ನಮ್ಮ ಮೂವರನ್ನು ಗೈಡಿನ ಜೊತೆ ಅಲ್ಲಿ ಇಳಿಸಿ, ಹಿಂದಿನ ಜಾಗದಲ್ಲಿ ಉಳಿದ ಮಂದಿಯನ್ನು ಕರೆತರಲು ಅಪ್ಪಾಸಾಬ ಬಸ್ಸಿನಲ್ಲಿ ಹೋದ. ಬಸ್ಸು ಬಂದ ಕೂಡಲೇ ಊಟ ಎಂದು ಹೇಳಿಹೋಗಿದ್ದ. ಆ ಮಾತು ನಂಬಿ ಅವ್ವ ಗುಳಿಗೆ ನುಂಗಿದಳು.

ಬಸ್ಸು ಬರಲಿಲ್ಲ. ಸುತ್ತಲೂ ಬೂದಿಬಣ್ಣ ಕವಿಯತೊಡಗಿತು. "ಯಾಕ ತಂಗಿ, ಮೋಡ ಆಗೇತೇನ?" ಎಂದು ಅವ್ವ ನನ್ನನ್ನು ಕೇಳಿದಳು. ಅವಳು ಆಕಾಶ ನೋಡುತ್ತಿದ್ದದ್ದು ಕಂಡು ಗೈಡ್ ನಕ್ಕು, ಸೂರ್ಯ ಆಗಲೇ ಮುಳುಗಿದನಲ್ಲ ಮಾಜೀ, ಇಲ್ಲಿ ಹೀಗೇ, ಬೇಗ ಎಂದು ಹಿಂದಿಯಲ್ಲಿ ಹೇಳಿದ. ದಿನವಿಡೀ ಬೇಡದ್ದನ್ನೆಲ್ಲ ಹೇಳಿದವನು ಬೇಕಾದ ಈ ಒಂದು ಮಾತನ್ನು ಬೆಳಿಗ್ಗೆ ಹೇಳಲಿಲ್ಲ. ಅಥವಾ ಆಗಲೂ ಹೇಳದೆ ಸುಮ್ಮನಿರಬಹುದಿತ್ತು.

ಅವ್ವನ ಚೀಲದಲ್ಲಿ ಯಾವಾಗಲೂ ಒಂದು ಡಬ್ಬಿ ಇರುತ್ತಿತ್ತು. ಹೊರಡುವ ಮುಂಚೆ ಅಡಿಗೆಯವರಿಂದ ಚಪಾತಿ ಕಟ್ಟಿಸಿಕೊಂಡಿದ್ದಳು. ಅನ್ನ ಕೈಯಲ್ಲೇ ಇತ್ತು, ಹೊತ್ತು ಇರಲಿಲ್ಲ.

"ಅಂವಗೇನ ಗೊತ್ತು? ಹೊತ್ತ ಗುಡ್ಡದ ಹಿಂದ ಐತಿ. ಉಣ್ಣು ಅಕ್ಕಾ" ಎಂದ ಭರಮು ಮಾಮಾ.

"ಕಾಣಲಾರದ ಹೊತ್ತ ನನಗ ಹೆಂಗ ನಡೀತೈತಿ ಭರಮೂ?"

ಸ್ವಲ್ಪ ಹೊತ್ತಿಗೆ ಅವಳ ಹಣೆಯಲ್ಲಿ ಬೆವರೊಡೆಯಿತು. ಬೆರಳುಗಳು ನಡುಗುತ್ತಿದ್ದವು. ಡಾಕ್ಟರು ಹೇಳಿದ್ದೆಲ್ಲ ನನ್ನ ಕಣ್ಣೆದುರು ಶುರುವಾಗಿತ್ತು. ಹೆದರಿದಾಗ ನಾನು ಜಗಳಾಡುತ್ತೇನೆ. "ನೀ ಸತ್ತರ ನಿನ್ನ ನೇಮಾ ಯಾರ ಮಾಡ್ತಾರ ಬೇ?" ಎಂದು ಚೀರಿದೆ. "ಮಾಡಿ ಸತ್ತಂಗ ಆತು" ಎಂದಳು. ಮಾತು ಆಗಲೇ ತೊದಲುತ್ತಿತ್ತು. ಭರಮು ಮಾಮಾ ಗೈಡಿನ ತೋಳು ಹಿಡಿದು ಎಳೆದುಕೊಂಡು ಯಾವುದಾದರೂ ಗಾಡಿ ತರಲು ರಸ್ತೆಯ ಮೇಲೆ ಓಡಿದ. ಗಾಳಿ ಜೋರಾಗಿತ್ತು, ಅವ್ವನಿಗೆ ನಿಲ್ಲಲಾಗುತ್ತಿರಲಿಲ್ಲ. ಅವಳನ್ನು ಹತ್ತಿರದ ಬಂಕರಿನೊಳಗೆ ಕರೆದುಕೊಂಡು ಹೋಗಿ ಕೂರಿಸಿದೆ.

ಒಳಗೆ ಬಿಸಿಲಿತ್ತು.

ಇದಕ್ಕಿಂತ ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ. ಆ ಸೀಳಿನಿಂದ ಒಂದು ಪಟ್ಟಿ ಬಿಸಿಲು ಅವ್ವನ ಮಡಿಲ ಮೇಲೆ, ಡಬ್ಬಿಯ ಮೇಲೆ ಬಿದ್ದಿತ್ತು. ನನಗೆ ಆಶ್ಚರ್ಯವಾಗಲಿಲ್ಲ, ಗೈಡಿನ ಮೇಲೆ ಸಿಟ್ಟು ಬಂತು ಅಷ್ಟೇ. ಹೊತ್ತಿರುವಾಗಲೇ ಮುಳುಗಿತೆಂದು ಹೇಳಿ ಇಷ್ಟೆಲ್ಲ ಮಾಡಿಸಿದನಲ್ಲ ಎಂದು. "ಉಣ್ಣಾಕ ಹೊತ್ತ ಐತಿ ಇನ್ನ" ಎಂದಳು ಅವ್ವ. ಡಬ್ಬಿ ತೆಗೆದಳು. ಮೊದಲು ಬೆಲ್ಲ ಬಾಯಿಗೆ ಹಾಕಿಕೊಂಡಳು, ಆಮೇಲೆ ಚಪಾತಿ ಮುರಿದಳು. ಶೇಂಗಾ ಚಟ್ನಿಯ ಕೆಂಪು ನನಗೆ ಕಂಡಿತು. ಕೆಳಗೆ ಬಿದ್ದ ಚೂರಿಗೆ ಒಂದು ಇರುವೆ ಬಂದದ್ದೂ ಕಂಡಿತು. ಡಬ್ಬಿಗೆ ಆಸರೆ ಕೊಟ್ಟಿದ್ದ ನನ್ನ ಕೈಗೆ ಆ ಬಿಸಿಲು ಬೆಚ್ಚಗೆ ಹತ್ತುತ್ತಿತ್ತು. ನೀರು ಕುಡಿದು, ಬಾಯಿ ಮುಕ್ಕಳಿಸಿ, ಕೈ ಮುಗಿದು ಅವಳು ಕಣ್ಣು ಮುಚ್ಚಿದಳು. ನಡುಕ ನಿಂತಿತು. ಆಮೇಲೆ ಬೆಳಕು ಹೋಯಿತು. ಮೆಲ್ಲಗೆ ಹೋಯಿತೋ ಒಮ್ಮೆಲೇ ಹೋಯಿತೋ ನೆನಪಿಲ್ಲ. ಅವಳ ಮುಖ ನೋಡುತ್ತಿದ್ದೆ.

ಹೊರಗೆ ಬಂದರೆ ಗಾಢ ಕತ್ತಲೆ, ತಲೆಯ ಮೇಲೆ ಚುಕ್ಕಿ. ಭರಮು ಮಾಮಾ ಬ್ಯಾಟರಿ ಹಿಡಿದು ಬಂಕರಿನಿಂದ ಬಂಕರಿಗೆ ನಮ್ಮನ್ನು ಹುಡುಕುತ್ತಿದ್ದ. ಬಸ್ಸು ಬಂದು ಎಷ್ಟೋ ಹೊತ್ತಾಗಿತ್ತಂತೆ. "ಇದರಾಗೂ ಹಣಿಕಿ ಹಾಕಿ ಒದರಿದ್ನೆಲ್ಲ ತಂಗಿ, ಒಳಗ ಕತ್ತಲಿ ಗವ್ವಂತಿತ್ತು. ಓ ಅನ್ನಾಕ ಏನಾಗಿತ್ತ ನಿಮಗ?" ಎಂದು ರೇಗಿದ. ಯಾವುದೋ ಬೇರೆ ಬಂಕರು ನೋಡಿರಬೇಕು ಎಂದುಕೊಂಡೆ. ಈಗಲೂ ಹಾಗೆಂದುಕೊಳ್ಳಬಹುದು.

ಅಂದು ರಾತ್ರಿ ಹಡಗಿನಲ್ಲಿ ದಿನಚರಿ ಬರೆದೆ. ತೆಗೆದು ನೋಡಿದರೆ ಪುಟಗಟ್ಟಲೆ ಅಪ್ಪಾಸಾಬನಿಗೂ ಗೈಡಿಗೂ ಬೈಗುಳವಿದೆ, ಬೆಳಕಿನ ಬಗ್ಗೆ ಒಂದು ಸಾಲೂ ಇಲ್ಲ. ಬಿಸಿಲು ಬಿದ್ದಿತ್ತೆಂದು ದಿನಚರಿಯಲ್ಲಿ ಯಾರು ಬರೆಯುತ್ತಾರೆ?

ಮರುದಿನ ನಸುಕಿನಲ್ಲಿ ಹಡಗು ಹೊರಟಿತು. ನಾನು ಮೇಲೆ ಬಂದು ನಿಂತಿದ್ದೆ. ಸಮುದ್ರದಿಂದ ಸೂರ್ಯ ಎದ್ದು ಬಂದ. ದಂಡೆಯ ರಸ್ತೆ, ಗುಡ್ಡದ ಬುಡ ಎಲ್ಲ ಕೆಂಪಾದವು. ಒಂದಾದ ಮೇಲೊಂದು ಬಂಕರುಗಳು ಕಂಡವು. ಎಲ್ಲದರ ಸೀಳೂ ನೇರವಾಗಿ ಹುಟ್ಟುವ ಸೂರ್ಯನ ಕಡೆಗಿತ್ತು. ಮುಳುಗುವ ಹೊತ್ತು ಆ ಸೀಳಿನಿಂದ ಒಳಗೆ ಬರುವುದು ಶಕ್ಯವೇ ಇರಲಿಲ್ಲ.

ಆಮೇಲೆ ನಾನು ಸುಮ್ಮನೆ ಕೂರಲಿಲ್ಲ. ಚಂದ್ರನಿರಬೇಕು ಎಂದು ಕ್ಯಾಲೆಂಡರ್ ನೋಡಿದೆ. ಅಂದು ಅಮಾವಾಸ್ಯೆಯ ಮರುದಿನ. ಚಿಕ್ಕೋಡಿಯ ಕಾಲೇಜಿನಲ್ಲಿ ನನ್ನ ಜೊತೆ ಕಲಿಸುವ ಭೌತಶಾಸ್ತ್ರದವರು, ಹೊತ್ತು ಮುಳುಗಿದ ಮೇಲೆ ಮೂಡಲ ಮೋಡಕ್ಕೆ ಬಣ್ಣ ಬಂದು ಅದರ ಬೆಳಕು ಬಿದ್ದಿರಬೇಕು ಎಂದರು. ಬೆಚ್ಚಗಿತ್ತಲ್ಲ ಎಂದೆ. ಅವರು ನನ್ನ ಮುಖ ನೋಡಿ, ಮಾತು ಬದಲಿಸಿ, ಪರೀಕ್ಷೆಯ ಮಾತು ತೆಗೆದರು. ಯಾವುದೋ ದೋಣಿಯ ದೀಪ ಎಂದುಕೊಂಡರೂ ಅದೇ ಕಷ್ಟ. ಉಳಿದದ್ದು ಒಂದೇ. ಅವ್ವ ಉಣ್ಣಲೇಬೇಕು ಎಂದು ನನ್ನ ಮನಸ್ಸು ಎಷ್ಟು ಚಡಪಡಿಸಿತ್ತೆಂದರೆ, ಇಲ್ಲದ ಬಿಸಿಲನ್ನು ಆಮೇಲೆ ನೆನಪಿನಲ್ಲಿ ತಾನೇ ಸೇರಿಸಿಕೊಂಡಿತು. ನೆನಪು ಇಂಥ ಕೆಲಸ ಮಾಡುತ್ತದೆಂದು ನನಗೆ ಗೊತ್ತು. ಈ ವಿವರಣೆಯನ್ನು ನಾನು ಬಹಳ ವರ್ಷ ಒಪ್ಪಿಕೊಂಡಿದ್ದೆ. ಅದಕ್ಕೆ ಅಡ್ಡ ಬರುತ್ತಿದ್ದದ್ದು ಒಂದೇ ಮಾತು. ಹೊತ್ತು ಐತಿ ಎಂದವಳು ಅವ್ವ. ಅವಳೂ ಕಂಡಿದ್ದಳು.

ಅವ್ವನಿಗೆ ಸೀಳಿನ ದಿಕ್ಕಿನ ವಿಷಯ ನಾನು ಹೇಳಿರಲಿಲ್ಲ. ಹೇಳಿದರೆ ನೇಮ ಮುರಿಯಿತೆಂದು ಕೊರಗುತ್ತಾಳೆ ಎಂಬ ಭಯ. ಮೊನ್ನೆ ಮಳೆಗಾಲದಲ್ಲಿ ಊರಿಗೆ ಮುನಿ ಮಹಾರಾಜರು ಚಾತುರ್ಮಾಸಕ್ಕೆ ಬಂದರು. ಒಂದು ಮುಂಜಾನೆ ಅವ್ವ ಬಸದಿಗೆ ಹೊರಟವಳು ಹೊಸ್ತಿಲಲ್ಲಿ ನಿಂತು, "ಆ ಜಪಾನಿ ಮೋಟರ್ ಮನ್ಯಾಗ ಉಂಡಿದ್ದಕ್ಕ ಮಹಾರಾಜರ ಹಂತ್ಯಾಕ ಪ್ರಾಯಶ್ಚಿತ್ತ ಕೇಳೂದೋ ಬ್ಯಾಡೋ?" ಎಂದಳು.

"ಯಾಕ ಕೇಳ್ತಿ? ಹೊತ್ತ ಇತ್ತಲ್ಲ."

"ಇತ್ತೇನ? ನನಗ ಕಣ್ಣ ಕತ್ತಲಿ ಬಂದಿತ್ತು. ನಿನ್ನ ಮಾರಿನೂ ಕಾಣಾಕತ್ತಿರಲಿಲ್ಲ. ನೀ ಹೊತ್ತ ಐತಿ ಅಂದಿ, ನಿನ್ನ ಮಾತ ನಂಬಿ ಉಂಡ್ನಿ."

ನನಗೆ ರೇಗಿತು. "ನಾ ಎಲ್ಲಿ ಅಂದ್ನಿ ಬೇ? ನೀನ ಅಂದಿ. ಉಣ್ಣಾಕ ಹೊತ್ತ ಐತಿ ಇನ್ನ ಅಂತ ನೀನ ಅಂದು ಡಬ್ಬಿ ತಗದಿ."

"ನನ್ನ ನಾಲಗಿ ಹೊಳ್ಳತಿತ್ತೇನ ಆವಾಗ? ನಾ ಅಂದಿಲ್ಲ."

"ನಾನೂ ಅಂದಿಲ್ಲ."

ನಮ್ಮಿಬ್ಬರದೂ ಹಟದ ಸ್ವಭಾವ, ಸಣ್ಣ ಮಾತಿಗೂ ಬಿಟ್ಟುಕೊಡುವವರಲ್ಲ. ಆದರೆ ಆ ಹೊತ್ತು ಜಗಳ ಮುಂದುವರಿಸುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಆ ಮಾತು ನಮ್ಮ ಕಡೆಯ ಮಾತೇ, ನಮ್ಮ ಮನೆಯ ರಾಗವೇ. ಅವ್ವನ ದನಿ ಎಂದು ನಾನು ತಿಳಿದಿದ್ದೆ, ನನ್ನ ದನಿ ಎಂದು ಅವಳು ತಿಳಿದಿದ್ದಳು.

ಅಂದು ಅವ್ವ ಮಹಾರಾಜರನ್ನು ಕೇಳದೆ ಬಂದಳು. ಏನೆಂದು ಕೇಳುವುದು ಎಂದಳು. ನೇಮ ಮುರಿದಿದ್ದರೆ ದಂಡ ಕಟ್ಟಬಹುದು, ಮುರಿಯದಿದ್ದರೆ ಕೈ ಮುಗಿದು ಸುಮ್ಮನಿರಬಹುದು, ಎರಡರಲ್ಲಿ ಯಾವುದು ಎಂದು ಹೇಳಬೇಕಾದವಳು ಜೊತೆಗಿದ್ದ ನಾನು. ಅವಳಿಗೀಗ ಎಪ್ಪತ್ತು ದಾಟಿದೆ. ವಾರಕ್ಕೊಮ್ಮೆಯಾದರೂ, ಸಂಜೆ ಬೇಗ ಉಂಡು ಕೈ ತೊಳೆಯುವಾಗ, "ವಿಚಾರ ಮಾಡಿದೇನ ತಂಗಿ?" ಎನ್ನುತ್ತಾಳೆ. ಮಾಡಾಕತ್ತೀನಿ ಎನ್ನುತ್ತೇನೆ.