ಮೂವತ್ತೆಂಟು ವರ್ಷದ ಬಿಯರು, ಎರಡು ಗುಟುಕಿನ ತೀರ್ಪು

ಬೆಳಿಗ್ಗೆ ಆರೂಕಾಲು. ಬಿಯರ್ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಐವತ್ತೇಳರ ಹೆಂಗಸೊಬ್ಬರು ಖಾಲಿ ಹೊಟ್ಟೆಯಲ್ಲಿ ನಿಂತು ಬಾಟಲಿಯೊಂದರ ತುಕ್ಕು ಹಿಡಿದ ಮುಚ್ಚಳ ಎಬ್ಬಿಸುತ್ತಿದ್ದಾರೆ. ಒಳಗಿರುವ ಬಿಯರಿಗೆ ಮೂವತ್ತೆಂಟು ವರ್ಷ. ಮುಚ್ಚಳ ಸಡಿಲವಾದಾಗ ಬುಸ್ಸೆಂಬ ಆರ್ಭಟವೇನಿಲ್ಲ. ವಯಸ್ಸಾದವರು ಕುರ್ಚಿಯಿಂದ ಏಳುವಾಗ ಬಿಡುವಂಥ ಸಣ್ಣ ನಿಟ್ಟುಸಿರು, ಅಷ್ಟೇ.

ಕಾರ್ಖಾನೆಗೆಲ್ಲ ಇವರು ರುಚಿಯಕ್ಕ. ದಿನಕ್ಕೆ ಹದಿನಾಲ್ಕು ಲೋಟ, ಲೋಟಕ್ಕೆ ಎರಡು ಗುಟುಕು. ಉಗಿಯುವ ಹಾಗಿಲ್ಲ. "ನುಂಗಿದ ಮೇಲೆ ಹಿಂದಿನಿಂದ ಕಹಿ ಬರುತ್ತಲ್ಲ, ಅದೇ ಮುಖ್ಯ. ಉಗಿದ್ರೆ ಅರ್ಧ ಕಥೆ ಕೇಳಿ ಎದ್ದು ಬಂದ ಹಾಗೆ," ಅನ್ನುತ್ತಾರೆ. ಕೆಲಸ ಮುಗಿಯುವ ತನಕ ಕಾಫಿ ಇಲ್ಲ, ಹಿಂದಿನ ದಿನ ಬೆಳ್ಳುಳ್ಳಿ ಇಲ್ಲ, ಘಮಘಮ ಸೋಪಂತೂ ಮನೆಯ ಹೊಸ್ತಿಲು ದಾಟುವಂತಿಲ್ಲ. ಬಸ್ ಓಡಿಸುವ ಗಂಡನ ದೂರು ಒಂದೇ: "ಬೇರೆ ಮನೇಲಿ ಹೆಂಡತಿ ಗಂಡನ ಬಾಯಿ ಮೂಸಿ ನೋಡ್ತಾಳೆ. ನಮ್ಮಲ್ಲಿ ನಾನು ಟೀ ಮಾಡ್ಕೊಂಡು ಕಾಯ್ತೀನಿ, ಇವಳು ಕುಡಿದು ಬರ್ತಾಳೆ. ಅದಕ್ಕೆ ಸಂಬಳ ಬೇರೆ!"

ಹತ್ತೊಂಬತ್ತಕ್ಕೆ ಇಲ್ಲಿಗೆ ಬಂದಾಗ ಇವರದು ಬಾಟಲಿ ತೊಳೆದು ಕ್ರೇಟು ಹೊರುವ ಕೆಲಸ. ಒಂದು ದಿನ ತೊಳೆದ ಬಾಟಲಿಯಲ್ಲಿ ಸೀಮೆಎಣ್ಣೆ ವಾಸನೆಯೆಂದು ಕೆಲಸವನ್ನೇ ನಿಲ್ಲಿಸಿಬಿಟ್ಟರು. "ಮೂಗಿಗೆ ಕೊಬ್ಬು ನಿಂಗೆ," ಎಂದು ಮೇಸ್ತ್ರಿ ರೇಗಿದ. ಬಿಯರ್ ತಯಾರಿಸುವ ಹಿರಿಯರು ಮಾತ್ರ ತಾವೂ ಮೂಸಿ ನೋಡಿ, ಈ ಹುಡುಗಿಯನ್ನು ರುಚಿಯ ಮೇಜಿಗೆ ಕೂರಿಸಿದರು. ಅದೇ ವರ್ಷದ ಕೊನೆಗೆ ಅವರು ನಿವೃತ್ತರಾದರು. ಮೇಜಿನ ಗಂಡಸರು ಆಮೇಲೆ ಆರು ವರ್ಷ ಇವರ ಮಾತನ್ನು ಬರೆದುಕೊಳ್ಳಲೇ ಇಲ್ಲ. ಮೊಣಕಾಲುಗಳು ಮಾತ್ರ ನೆಲಮಾಳಿಗೆಯ ಥಂಡಿಯನ್ನು ತಪ್ಪದೆ ಬರೆದುಕೊಂಡಿವೆ.

ಇವತ್ತಿನ ಬಾಟಲಿ ಆ ಹಿರಿಯರ ಕೊನೆಯ ಬಿಯರು. ಉಳಿದಿರುವುದು ಮುನ್ನೂರು. ಕಾರ್ಖಾನೆಯ ನೂರನೇ ವರ್ಷದ ಅತಿಥಿಗಳಿಗೆಂದು ಮ್ಯಾನೇಜರು ಚಿನ್ನದ ಬಣ್ಣದ ಲೇಬಲ್ಲನ್ನೂ ಅಚ್ಚು ಹಾಕಿಸಿ ಆಗಿದೆ. "ಲ್ಯಾಬಿನಲ್ಲಿ ಪಾಸಾಗಿದೆ ಅಮ್ಮಾ. ನೀವೊಂದು ಹೂಂ ಅಂದ್ರೆ ಮುಗೀತು."

ರುಚಿಯಕ್ಕ ಮೂಸುತ್ತಾರೆ, ಗುಟುಕರಿಸುತ್ತಾರೆ, ಹೂಂ ಅನ್ನುವುದಿಲ್ಲ. "ಒದ್ದೆ ರಟ್ಟಿನ ವಾಸನೆ. ಕೆಟ್ಟಿದೆ," ಅನ್ನುತ್ತಾರೆ. ಆಮೇಲೆ ತಾವೇ ಕುಂಟುತ್ತ ಹೋಗಿ ಎದುರು ಗೋಡೆಯ ಕ್ರೇಟಿನಿಂದ ಇನ್ನೊಂದು ಬಾಟಲಿ ತರುತ್ತಾರೆ. ಅದನ್ನು ಬಾಯಿಗಿಟ್ಟವರು ಕಣ್ಣು ತೆರೆಯಲು ಅರ್ಧ ನಿಮಿಷ. "ಒಣದ್ರಾಕ್ಷಿ. ಸುಟ್ಟ ಸಕ್ಕರೆ. ಕೊನೇಲಿ ಹಳೇ ಮರದ ಪೆಟ್ಟಿಗೆ. ಕುಡೀರಿ ಸಾರ್, ಮತ್ತೆ ಸಿಗಲ್ಲ."

"ಒಂದೇ ಬಿಯರು ಎರಡು ಥರ ಹೇಗಾಗುತ್ತೆ?"

ರುಚಿಯಕ್ಕ ಮೊದಲ ಬಾಟಲಿ ಇದ್ದ ಗೋಡೆಗೆ ಅಂಗೈ ಒತ್ತುತ್ತಾರೆ. ಬೆಚ್ಚಗಿದೆ. ಗೋಡೆಯ ಹಿಂದೆ ಬಿಸಿನೀರಿನ ಕೊಳವೆ ಹಾದುಹೋಗಿದೆ. "ಇಲ್ಲಿ ಜೋಡಿಸಿದ್ದು ನಾನೇ, ಕೆಲಸಕ್ಕೆ ಸೇರಿದ ವರ್ಷ. ಆ ಕಡೆ ಗೋಡೆ ಬೆವರ್ತಿತ್ತು. ಲೇಬಲ್ಲು ಕೊಳೆಯುತ್ತೆ ಅಂತ ಅರ್ಧದಷ್ಟನ್ನ ಒಣಗಿದ ಈ ಗೋಡೆಗೆ ತಂದಿಟ್ಟೆ. ಲೇಬಲ್ಲು ಉಳೀತು. ಬಿಯರು ಬೆಂದೋಯ್ತು."

ಮ್ಯಾನೇಜರು ತಲೆ ಕೆರೆದುಕೊಳ್ಳುತ್ತಾರೆ. "ನಿಮಗ್ಯಾಕಮ್ಮ ಬೇಕಿತ್ತು ಇದು? ಹಳೇದಾಗಿ ಕೆಟ್ಟಿದೆ ಅಂದಿದ್ರೆ ಯಾರು ಕೇಳ್ತಿದ್ರು?"

"ಹಾಗಂದ್ರೆ ಬಿಯರು ಮಾಡಿದವರಿಗೆ ಕೆಟ್ಟ ಹೆಸರು ಬರುತ್ತೆ ಸಾರ್. ಅವರು ಸರಿಯಾಗೇ ಮಾಡಿದ್ರು."

ಬೆಚ್ಚಗಿನ ಗೋಡೆಯ ನೂರನಲವತ್ತು ಬಾಟಲಿಗಳನ್ನು ಮೋರಿಗೆ ಸುರಿಯುವ ಕೆಲಸವನ್ನೂ ಅವರು ಬೇರೆಯವರಿಗೆ ಬಿಡುವುದಿಲ್ಲ. ಕಂದು ನೊರೆ ಹರಿದುಹೋಗುವುದನ್ನು ನೋಡುತ್ತ ನಿಂತವರ ಮುಖದಲ್ಲಿ ನಾಚಿಕೆ ಇದೆ. ಅದರ ಪಕ್ಕದಲ್ಲೇ ಇನ್ನೇನೋ ಇದೆ.

"ಇಷ್ಟು ವರ್ಷ ಯಾರಿಗೂ ಗೊತ್ತಾಗದ ತಪ್ಪು," ಅನ್ನುತ್ತಾರೆ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ. "ಎರಡೇ ಗುಟುಕಲ್ಲಿ ಹಿಡಿದೆ, ನೋಡಿ."