ಕಣ್ಣು ಬರೆಯದ ದ್ಯಾಮವ್ವನ ಜಪ್ತಿ

ನ್ಯಾಯದ ಮುಂದೆ ದೇವರೂ ಮನುಷ್ಯರೂ ಸಮಾನರು. ನಮ್ಮ ಕೋರ್ಟಿನ ಜಪ್ತಿ ಕೋಣೆಯಲ್ಲಿ ಮಾತ್ರ, ಮುರಿದ ನೇಗಿಲೊಂದನ್ನು ಸರಿಸುವವರೆಗೆ ದೇವರಿಗೆ ಜಾಗವಿರಲಿಲ್ಲ.

ಮೂವತ್ತರ ದಶಕದ ಕೊನೆಯ ಒಂದು ಬೇಸಿಗೆ. ನಿಜಾಮರ ಸೀಮೆಯಲ್ಲಿ, ಕೊಪ್ಪಳದ ಕಡೆಯ ಒಂದು ಮುನ್ಸಿಫ್ ಕೋರ್ಟಿಗೆ ನಾನು ನಾಜರ್, ಅಂದರೆ ಜಪ್ತಿಯಾದ ಸಾಮಾನಿಗೆಲ್ಲ ಕಾವಲುಗಾರ. ಇರಕಲ್ಲಗಡದ ಆಚೆಯ ಒಂದು ಹಳ್ಳಿಯವರು ತಮ್ಮ ಮರದ ದ್ಯಾಮವ್ವನನ್ನು ಹೊಸ ಬಣ್ಣಕ್ಕೆಂದು ಕಿನ್ನಾಳದ ಚಿತ್ರಗಾರ ತಿಮ್ಮಣ್ಣನಿಗೆ ಒಪ್ಪಿಸಿದ್ದರು. ದೇವಿ ಮರಳುವವರೆಗೆ ಆ ಊರಲ್ಲಿ ಮದುವೆ ಮಾಡುವಂತಿಲ್ಲ. ಬಣ್ಣ ಮುಗಿಯುವ ಹೊತ್ತಿಗೆ, ದೇವಿಯನ್ನು ಹೊತ್ತು ತರುವ ಮರ್ಯಾದೆ ತಮ್ಮದೆಂದು ಮೇಲಿನ ಓಣಿಯವರೂ ಕೆಳಗಿನ ಓಣಿಯವರೂ ದಾವೆ ಹೂಡಿದರು. ತೀರ್ಪಾಗುವವರೆಗೆ ಮೂರ್ತಿ ಕೋರ್ಟಿನ ವಶದಲ್ಲಿರಲಿ ಎಂದು ಹುಕುಂ ಆಯಿತು.

ಎತ್ತಿನ ಬಂಡಿ ಹತ್ತಿ ಕಿನ್ನಾಳಕ್ಕೆ ಹೋದೆ. ಕೆಂಪು ಮೈ, ಹಸಿರು ಕುಪ್ಪಸ, ತವರದ ಹಾಳೆಯ ಒಡವೆ, ಎಲ್ಲ ಸಿದ್ಧವಿತ್ತು. ಕಣ್ಣಿನ ಜಾಗ ಮಾತ್ರ ಬರೀ ಬಿಳುಪು.

"ಕಣ್ಣ ಬಾಕಿ ಅದಾವ್ರಿ ಸಾಹೇಬ್ರ," ಎಂದ ತಿಮ್ಮಣ್ಣ.

"ಅದನ್ನ ಕೋರ್ಟು ನೋಡ್ಕೋತೈತಿ," ಎಂದು ಗಂಭೀರವಾಗಿ ಹೇಳಿ, "ದೇವಿ, ಒಂದು" ಎಂದು ಯಾದಿಯಲ್ಲಿ ಬರೆದುಕೊಂಡೆ.

ಆಮೇಲೆ ತಾರೀಖಿನ ಮೇಲೆ ತಾರೀಖು. ಒಬ್ಬ ವಕೀಲರಿಗೆ ಜ್ವರ ಬಿಟ್ಟರೆ ಇನ್ನೊಬ್ಬರಿಗೆ ಬರುತ್ತಿತ್ತು. ಪ್ರತಿ ತಾರೀಖಿಗೂ ತಪ್ಪದೆ ಬರುತ್ತಿದ್ದವನು ದಾವೆಗೆ ಸಂಬಂಧವೇ ಇಲ್ಲದ, ಅದೇ ಊರಿನ ಫಕೀರಪ್ಪ ಒಬ್ಬನೇ. ಅವನ ಮಗಳಿಗೆ ಕುಷ್ಟಗಿಯ ವರ ಗೊತ್ತಾಗಿದ್ದ.

"ಬೀಗರು ಹುಣ್ಣಿಮಿತನಾ ತಡೀತಾರಂತ್ರಿ. ಆಮ್ಯಾಲ ಬ್ಯಾರೆ ಹೆಣ್ಣ ನೋಡ್ತಾರಂತ."

"ನಾನೇನ್ ಮಾಡ್ಲಿ ಮಾರಾಯಾ? ದೇವಿ ಊರಿಗೆ ಬರಬೇಕಲ್ಲ?"

"ನಿಮ್ಮ ಕ್ವಾಣ್ಯಾಗ ಅದಾಳಲ್ರಿ. ನೀವ ಒಂದ್ ಮಾತ್ ಹೇಳ್ರಿ ಆಕಿಗೆ."

ಹುಣ್ಣಿಮೆಗೆ ಒಂಬತ್ತು ದಿನ ಉಳಿದಿದ್ದಾಗ ಇಲಿಗಳು ದೇವಿಯ ಹೆಬ್ಬೆರಳು ಕಡಿದವು. ಬಣ್ಣದ ಕೆಳಗಿನ ಲೇಪಕ್ಕೆ ಹುಣಸೆ ಬೀಜದ ಅಂಟು ಹಾಕಿರುತ್ತಾರೆ. ಇಲಿಗಳಿಗೆ ಅದು ಮೃಷ್ಟಾನ್ನ. ನೌಕರಿ ಹೋಗುವ ಭಯದಲ್ಲಿ ತಿಮ್ಮಣ್ಣನನ್ನು ಕರೆಸಿದೆ. ಬೆರಳು ತಿದ್ದುತ್ತ ಅವನು ಯಾದಿಯಲ್ಲಿ ಏನು ಬರೆದಿದೆಯೆಂದು ಕೇಳಿದ. ಓದಿ ಹೇಳಿದೆ. ಮುದುಕ ನಕ್ಕ.

"ಕಣ್ಣ ತೆರೀದ ಎಲ್ಲೀ ದೇವಿರಿ? ಇದಿನ್ನಾ ಕಟಗಿ. ಕಟಗೀನ ಯಾರ್ ಹೊತ್ರ ಏನು? ನಾನ ಒಯ್ದು ಗುಡ್ಯಾಗ ಇಟ್ಟು ಕಣ್ಣ ಬರಿತೀನಿ. ಆವಾಗ ಆಕಿ ಬರ್ತಾಳ."

ಇದು ತಲೆಗೆ ಹೋಗಲು ನನಗೆ ಒಂದು ಕಪ್ ಚಹಾ ಬೇಕಾಯಿತು. ಕುಡಿದು ಮುನ್ಸಿಫರಿಗೆ ಹೋಗಿ ಹೇಳಿದೆ. ಅವರು ಹೈದರಾಬಾದಿನವರು, ಈ ದಾವೆಯಿಂದ ನನಗಿಂತ ಹೆಚ್ಚು ದಣಿದವರು. ಮರುದಿನ ಎರಡೂ ಓಣಿಯ ಹಿರಿಯರನ್ನು ಕರೆಸಿ, ಕಣ್ಣಿಲ್ಲದ ಈ ವಸ್ತು ದೇವಿಯೇ ಎಂದು ಪ್ರಮಾಣ ಮಾಡುವವರು ಮುಂದೆ ಬರಲಿ ಎಂದರು. ಯಾರೂ ಬರಲಿಲ್ಲ.

"ಹಂಗ ಅಂದ್ರ ಊರ ನಗತೈತ್ರಿ," ಎಂದು ಮೇಲಿನ ಓಣಿಯ ಹಿರಿಯ ಗೊಣಗಿದ. ಅವನ ಮಾತಿಗೆ ಕೆಳಗಿನ ಓಣಿಯವರು ತಲೆಯಾಡಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಯಾದಿ ತಿದ್ದಿದೆ: "ಕೆತ್ತಿದ ಕಟ್ಟಿಗೆ, ಒಂದು." ಬಾಕಿ ಕೆಲಸ ಮುಗಿಸಲು ಅದನ್ನು ತಿಮ್ಮಣ್ಣನ ವಶಕ್ಕೆ ಕೊಡಲಾಯಿತು. ಅವನು ಗೋಣಿತಟ್ಟು ಹೊದಿಸಿ ತನ್ನ ಬಂಡಿಯಲ್ಲೇ ಊರಿಗೆ ಒಯ್ದ; ಕಾವಲಿಗೆ ನಾನೂ ಹೋದೆ. ಎರಡೂ ಓಣಿಯವರು ದಾರಿಯ ಎರಡು ಬದಿಗೆ ಕೈಕಟ್ಟಿ ನಿಂತರು; ಬಂಡಿಯಲ್ಲಿದ್ದದ್ದು ಬರೀ ಕಟ್ಟಿಗೆ, ಜಗಳ ತೆಗೆಯುವಂತಿರಲಿಲ್ಲ. ಗುಡಿಯ ಬಾಗಿಲು ಮುಚ್ಚಿತು. ತೆರೆದಾಗ ದ್ಯಾಮವ್ವ ನಮ್ಮನ್ನೇ ನೋಡುತ್ತಿದ್ದಳು. ಯಾರೂ ಹೊತ್ತು ತರದೆ ಬಂದುಬಿಟ್ಟಿದ್ದಳು. ಫಕೀರಪ್ಪ ಹೊಸ್ತಿಲಲ್ಲೇ ಕೈಮುಗಿದು, ಬೀಗರಿಗೆ ಹೇಳಿಕಳಿಸಲು ಓಡಿದ.

ಒಂದು ವಸ್ತುವಿನ ಹೆಸರು ಬರೆದುಕೊಳ್ಳುವ ಮುಂಚೆ ಅದನ್ನು ಮಾಡಿದವನನ್ನು ಕೇಳಬೇಕು. ನನ್ನ ನೌಕರಿ ಕಲಿಸಿದ್ದು ಇಷ್ಟೇ, ಅದೂ ತಡವಾಗಿ.

ಫಕೀರಪ್ಪನ ಮಗಳ ಮದುವೆ ಹುಣ್ಣಿಮೆಗೆ ಎರಡು ದಿನ ಮೊದಲು ಆಯಿತು. ದಾವೆ ಇನ್ನೂ ಆರು ವರ್ಷ ನಡೆಯಿತು.